ಐದೂವರೆಯ ಬಸ್ಸು

ಕಾಲೇಜಿನ ಸಮಾರಂಭವೆಂದೊಡನೆ ಎಲ್ಲರ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ವೇದಿಕೆಯ ಮೇಲೆ ಸಾಲಾಗಿ ಕುರ್ಚಿಗಳು, ಕುರ್ಚಿಗಳಲ್ಲಿ ಗಣ್ಯರು, ಗಣ್ಯರ ಕೊರಳಲ್ಲಿ ಹಾರಗಳು. ‘ಎರಡೇ ಮಾತು ಹೇಳಿ ಮುಗಿಸುತ್ತೇನೆ’ ಎಂದು ಎದ್ದು ಮುಕ್ಕಾಲು ಗಂಟೆ ಮಾತನಾಡುವ ಅತಿಥಿಗಳು. ಅವರ ಮಾತು ಮುಗಿಯುವುದನ್ನೇ ಕಾಯುತ್ತ ಬಣ್ಣ ಹಚ್ಚಿಕೊಂಡು ಬೆವರುತ್ತಿರುವ ನಾಟಕದ ಹುಡುಗರು. ಇವೆಲ್ಲದರ ಹಿಂದೆ, ಪರದೆಯ ಮರೆಯಲ್ಲಿ, ಕೈಯಲ್ಲೊಂದು ಮುದುಡಿದ ಪಟ್ಟಿ ಹಿಡಿದು ನಿಂತ ಒಬ್ಬ ಉಪನ್ಯಾಸಕ. ಎಲ್ಲವೂ ಸುಸೂತ್ರವಾಗಿ ನಡೆಯುವಾಗ ಆತನನ್ನು ಯಾರೂ ನೋಡುವುದಿಲ್ಲ. ಧ್ವನಿವರ್ಧಕ ಒಮ್ಮೆ ಕಿರುಚಿಕೊಂಡರೆ ಸಾಕು, ಸಭೆಯ ಕಣ್ಣೆಲ್ಲ ಆತನ ಮೇಲೆ.

ಉಪ್ಪುಂದದ ಒಬ್ಬ ಉಪನ್ಯಾಸಕರು ಇಂಥ ಪರದೆಯ ಮರೆಯಲ್ಲಿ ತಮ್ಮ ಸೇವಾವಧಿಯ ಬಹುಭಾಗವನ್ನು ಕಳೆದರು. ಈಗ ನಿವೃತ್ತರಾಗಿ ಊರಿನಲ್ಲೇ ಇದ್ದಾರೆ. ಅವರ ಹೆಸರೂ ಅವರು ದುಡಿದ ಕಾಲೇಜಿನ ಹೆಸರೂ ಇಲ್ಲಿ ಅವಶ್ಯವಿಲ್ಲ. ಉಪ್ಪುಂದದಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕಿರಿಮಂಜೇಶ್ವರ, ನಾವುಂದಗಳನ್ನು ದಾಟಿ, ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ ಕಾಣುವ ಮರವಂತೆಯನ್ನು ಹಾದು, ತ್ರಾಸಿ, ಹೆಮ್ಮಾಡಿಗಳ ಮೇಲೆ ಹೋಗುವ ಹೆದ್ದಾರಿ. ಈ ದಾರಿಯಲ್ಲಿ ದಿನಕ್ಕೆರಡು ಬಾರಿ, ಮೂರು ದಶಕಗಳಿಗೂ ಮಿಕ್ಕಿ ಅವರು ಓಡಾಡಿದರು. ವಿದ್ಯಾರ್ಥಿಗಳ ವಿಷಯದಲ್ಲಿ ಅವರು ಕಲಿತದ್ದರಲ್ಲಿ ಅರ್ಧ ಪಾಲು ತರಗತಿಯ ಕೋಣೆಯಲ್ಲಿ, ಉಳಿದರ್ಧ ಆ ಬಸ್ಸಿನಲ್ಲಿ.

ಬಸ್ಸಿನಲ್ಲಿ ಹೋಗಿ ಕಾಲೇಜು ಓದಿ ಸಂಜೆಗೆ ಮನೆ ಸೇರುವ ಭಾಗ್ಯ ಈ ಸೀಮೆಯ ಮಕ್ಕಳಿಗೆ ಬಹಳ ಹಿಂದಿನದಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ಉಡುಪಿಗೆ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಬರಲು 1949ರವರೆಗೆ ಕಾಯಬೇಕಾಯಿತು. ಕುಂದಾಪುರದಲ್ಲಿ ಭಂಡಾರ್‌ಕಾರ್ಸ್ ಕಾಲೇಜು ತೆರೆದದ್ದು 1963ರಲ್ಲಿ. ಅದಕ್ಕೆ ಮುಂಚೆ ಓದಬೇಕೆಂಬ ಹುಡುಗ ಹಾಸಿಗೆ ಸುತ್ತಿಕೊಂಡು ಪರಸ್ಥಳದ ಹಾದಿ ಹಿಡಿಯಬೇಕಿತ್ತು. ಹುಡುಗಿಯರ ಮಾತಂತೂ ಏಳುತ್ತಿರಲಿಲ್ಲ. ಕಾಲೇಜು ಹತ್ತಿರ ಬಂದ ಮೇಲೆ ಮೀನುಗಾರರ ಮನೆಯ ಮಗಳೂ ಗೇಣಿದಾರನ ಮಗನೂ ಒಂದೇ ಬಸ್ಸು ಹತ್ತಿದರು. ಕಾಲೇಜಿನ ಸಮಾರಂಭಗಳು ಮಾತ್ರ ವಿದ್ಯಾರ್ಥಿನಿಲಯದಲ್ಲಿ ಇರುವವರಿಗೂ ಪೇಟೆಯಲ್ಲಿ ಮನೆಯುಳ್ಳವರಿಗೂ ಒಪ್ಪುವ ಹಳೆಯ ವೇಳಾಪಟ್ಟಿಯನ್ನೇ ಹಿಡಿದುಕೊಂಡಿದ್ದವು. ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಉಪನ್ಯಾಸಕರ ಗಮನಕ್ಕೂ ಬಂದಿರಲಿಲ್ಲ.

ಅವರಿಗೆ ಈ ಹೊಣೆ ಬಂದ ರೀತಿಯೂ ವಿಶೇಷವಾದುದೇನಲ್ಲ. ಅಧ್ಯಾಪಕರ ಸಭೆಯಲ್ಲಿ ವಿದ್ಯಾರ್ಥಿ ಸಂಘವನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆ ಬಂದಾಗ ಹಿರಿಯರೆಲ್ಲ ಕಿಟಕಿಯ ಹೊರಗಿನ ತೆಂಗಿನಮರಗಳನ್ನು ಕುತೂಹಲದಿಂದ ನೋಡತೊಡಗಿದರು. ಇವರು ಹೊಸಬರು, ಅವಿವಾಹಿತರು, ಗಟ್ಟಿ ಕಂಠದವರು. ಅಷ್ಟು ಅರ್ಹತೆ ಸಾಕಾಯಿತು.

ಉತ್ಸಾಹಕ್ಕೇನೂ ಕೊರತೆಯಿರಲಿಲ್ಲ. ಕಾಲೇಜಿನ ಸಂಘವೊಂದು ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಅವರ ಮನಸ್ಸಿನಲ್ಲಿ ದೊಡ್ಡ ನಿದರ್ಶನಗಳೇ ಇದ್ದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ವೆಂಬ ಪತ್ರಿಕೆಯೇ ಹುಟ್ಟಿಬಂದಿತು. ಉಡುಪಿಯ ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರು ಪ್ರಾಂಶುಪಾಲರಾಗಿದ್ದಾಗ ಅದರ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಗಿ, ಶಿವರಾಮ ಕಾರಂತರಂಥವರು ಅಲ್ಲಿ ದುಡಿದರು. ಉಪ್ಪುಂದಕ್ಕೆ ಸಮೀಪದ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಕವಿ ಗೋಪಾಲಕೃಷ್ಣ ಅಡಿಗರು ಸಾಗರದಲ್ಲಿಯೂ ಅನಂತರ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿಯೂ ಪ್ರಾಂಶುಪಾಲರಾಗಿದ್ದರು. ಇಂಥವರ ನಾಡಿನಲ್ಲಿ ಹುಟ್ಟಿ ಅತಿಥಿಗಳಿಗೆ ಹಾರ ಹಾಕಿಸುವುದರಲ್ಲೇ ಆಯುಷ್ಯ ಕಳೆಯಬಾರದೆಂದು ಅವರು ನಿಶ್ಚಯಿಸಿದರು.

ಎರಡು ವರ್ಷಗಳಲ್ಲಿ ಕಾಲೇಜಿನ ವಾರ್ಷಿಕೋತ್ಸವ ಪೇಟೆಯಲ್ಲಿ ಮನೆಮಾತಾಯಿತು. ನಾಟಕಕ್ಕೆ ಹೊರಗಿನಿಂದ ಬೆಳಕಿನ ವ್ಯವಸ್ಥೆ ಬಂತು. ಊರ ಮಹನೀಯರು ಮುಂದಿನ ಸಾಲಿಗಾಗಿ ಹೇಳಿಕಳುಹಿಸತೊಡಗಿದರು. ರಾತ್ರಿ ಹತ್ತೂವರೆಗೆ ಪರದೆ ಬಿದ್ದಾಗ ಎದ್ದ ಚಪ್ಪಾಳೆ ಅವರ ಕಿವಿಯಲ್ಲಿ ಬೆಳಗಿನವರೆಗೂ ಮೊಳಗುತ್ತಿತ್ತು.

ಎರಡನೆಯ ವರ್ಷದ ಆ ಬೆಳಗ್ಗೆ ಉಪ್ಪುಂದದಲ್ಲಿ ಬಸ್ಸು ಹತ್ತಿದಾಗ ಮುಂದಿನ ಆಸನದಲ್ಲಿ ಊರಿನದೇ ಒಬ್ಬ ಹುಡುಗಿ ಕುಳಿತಿದ್ದಳು. ದ್ವಿತೀಯ ವರ್ಷದ ವಾಣಿಜ್ಯ ವಿಭಾಗದವಳು. ಕಡಲ ಕಡೆಯ ಮನೆ. ತಂದೆ ದೋಣಿಗೆ ಹೋಗುವವರು, ತಾಯಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಪ್ರಶಂಸೆಯ ಎರಡು ಮಾತು ಬೀಳಲೆಂಬ ಆಸೆಯಿಂದಲೇ ಇರಬೇಕು, ಉಪನ್ಯಾಸಕರು ಕೇಳಿದರು:

“ನಿನ್ನಿ ನಾಟ್ಕ ಹ್ಯಾಂಗಾಯ್ತ್?”

“ನಾ ಕಾಣ್ಲಿಲ್ಲೆ ಸಾರ್. ಐದೂವರಿ ಬಸ್ಸಿಗೇ ಬಂದೆ.”

“ಹಾಂಗಾರೆ ಹೋದ್ ವರ್ಷದ್ದ್?”

“ಅದೂ ಕಾಣ್ಲಿಲ್ಲೆ. ಕಾರ್ಯಕ್ರಮ ಸುರುವಾಪು ಹೊತ್ತಿಗೆ ನಮ್ ಬಸ್ಸ್ ಹೋತ್ತ್.”

ದೂರಿನ ಧ್ವನಿಯಲ್ಲಿ ಅವಳು ಹೇಳಲಿಲ್ಲ. ಮಳೆಗಾಲದಲ್ಲಿ ಮಳೆ ಬರುತ್ತದೆಂಬಷ್ಟು ಸಹಜವಾಗಿ ಹೇಳಿದಳು. ಐದೂವರೆಯ ನಂತರವೂ ಬಸ್ಸುಗಳಿದ್ದವು, ನಿಜ. ಆದರೆ ಹೆದ್ದಾರಿಯಲ್ಲಿ ಇಳಿದು ಕಡಲಿನವರೆಗೆ ಕತ್ತಲೆಯಲ್ಲಿ ಒಬ್ಬಳೇ ನಡೆದು ಬರುವುದಕ್ಕೆ ಮನೆಯವರ ಒಪ್ಪಿಗೆ ಇರಲಿಲ್ಲ. ಸಂಘದ ಶುಲ್ಕವನ್ನು ಎಲ್ಲರಂತೆ ಅವಳೂ ತುಂಬಿದ್ದಳು. ಆ ಹಣದಿಂದ ತಂದ ಬೆಳಕಿನಲ್ಲಿ ನಡೆದ ನಾಟಕವನ್ನು ಊರ ಮಹನೀಯರು ನೋಡಿದರು; ಅವಳು ನೋಡಲಿಲ್ಲ.

ಅಂದು ಉಪನ್ಯಾಸಕರು ಕಚೇರಿಯಲ್ಲಿ ಕುಳಿತು ಹಾಜರಿ ಪುಸ್ತಕದ ಪಕ್ಕದಲ್ಲಿ ಬಸ್ ಪಾಸಿನ ಪಟ್ಟಿಯನ್ನಿಟ್ಟುಕೊಂಡು ಹೆಸರುಗಳನ್ನು ಗುರುತು ಮಾಡತೊಡಗಿದರು. ಶಿರೂರು, ಬೈಂದೂರು, ಕೊಲ್ಲೂರಿನ ದಾರಿ, ಸಿದ್ದಾಪುರದ ದಾರಿ. ಪಟ್ಟಿ ಉದ್ದವಾಗಿತ್ತು. ನಾಟಕದಲ್ಲಿ ಪಾತ್ರ ಮಾಡಿದವರು, ಹಾಡಿದವರು, ನಿರೂಪಣೆ ಮಾಡಿದವರು, ಸ್ವಾಗತಿಸಿದವರ ಹೆಸರುಗಳನ್ನು ಇನ್ನೊಂದು ಕಾಗದದಲ್ಲಿ ಬರೆದರು. ಆ ಕಾಗದ ಬಹಳ ಗಿಡ್ಡವಾಗಿತ್ತು. ಒಂದೇ ಹುಡುಗನ ಹೆಸರು ಮೂರು ಕಡೆ ಬಂದಿತ್ತು. ಎರಡೂ ಕಾಗದಗಳಲ್ಲಿರುವ ಹೆಸರು ಒಂದಾದರೂ ಇದೆಯೇ ಎಂದು ಹುಡುಕಿದರು. ಒಂದೂ ಇರಲಿಲ್ಲ.

ಮುಂದಿನ ವರ್ಷ ವಾರ್ಷಿಕೋತ್ಸವವನ್ನು ಬೆಳಗ್ಗೆ ಹತ್ತಕ್ಕೆ ಆರಂಭಿಸಿ ನಾಲ್ಕೂವರೆಗೆ ಮುಗಿಸಬೇಕೆಂದು ಅವರು ಸೂಚಿಸಿದಾಗ ಅಧ್ಯಾಪಕರ ಸಭೆಯಲ್ಲಿ ನಗೆಯೆದ್ದಿತು. ಬಿಸಿಲಿನಲ್ಲಿ ದೀಪಾಲಂಕಾರವೇ? ಹಗಲುಹೊತ್ತಿನ ನಾಟಕದಲ್ಲಿ ರಸ ಹುಟ್ಟೀತೇ? ಮುಖ್ಯ ಅತಿಥಿಗಳಿಗೆ ಹಗಲಿನಲ್ಲಿ ಬಿಡುವೆಲ್ಲಿ? ಅವರು ಕೇಳಿದ್ದು ಒಂದೇ ಪ್ರಶ್ನೆ: ಉತ್ಸವ ಕಾಲೇಜಿನದೋ, ಅತಿಥಿಗಳದೋ? ಬೆಳಗಿನವರೆಗೆ ಆಡುತ್ತಿದ್ದ ಯಕ್ಷಗಾನ ಮೇಳಗಳಲ್ಲಿ ಎಷ್ಟೋ ಇಂದು ಕಾಲಮಿತಿಯ ಆಟಕ್ಕೆ ಒಗ್ಗಿಕೊಂಡಿವೆ. ಆ ದಿನಗಳಲ್ಲಿ ಈ ಮಾತು ಹೇಳಲು ಅವರಿಗೆ ಇಂಥ ಆಧಾರವಿರಲಿಲ್ಲ. ಬಹಳ ಚರ್ಚೆಯಾಗಿ ಪ್ರಾಂಶುಪಾಲರು ಒಂದು ವರ್ಷದ ಮಟ್ಟಿಗೆ ಒಪ್ಪಿದರು.

ಹೊತ್ತು ಬದಲಾಯಿಸಿದ್ದು ಸುಲಭದ ಕೆಲಸ. ಅನಂತರದ್ದು ಕಷ್ಟ. ಬಸ್ಸಿನ ಹುಡುಗಿಯನ್ನು ಕರೆದು, ಈ ವರ್ಷ ನೀನೂ ಏನಾದರೂ ವಹಿಸಿಕೊಳ್ಳಬೇಕೆಂದರು. ಅವಳು ತಲೆ ತಗ್ಗಿಸಿದಳು.

“ನಂಗೆ ಹಾಡೂಕೆ ಬತ್ತಿಲ್ಲೆ, ಮಾತಾಡೂಕೆ ಬತ್ತಿಲ್ಲೆ. ನಂಗೆಂತ ಕೆಲ್ಸ ಇತ್ತ್ ಸಾರ್?”

ಉಪನ್ಯಾಸಕರ ಬಳಿ ಉತ್ತರವಿರಲಿಲ್ಲ. ಹಾಡು, ಕುಣಿತ, ಭಾಷಣ ಬಾರದವರಿಗೆ ಅವರ ಉತ್ಸವದಲ್ಲಿ ಇದ್ದ ಒಂದೇ ಕೆಲಸವೆಂದರೆ ಚಪ್ಪಾಳೆ ತಟ್ಟುವುದು. ತಾಯಿಯ ವ್ಯಾಪಾರದ ಲೆಕ್ಕ ಬರೆಯುವವರು ಯಾರೆಂದು ಕೇಳಿದರು. ಯಾವ ಮನೆಯ ಬಾಕಿ ಎಷ್ಟು, ಯಾವಾಗ ಬಂತು, ಎಲ್ಲವನ್ನೂ ಸಣ್ಣ ಪುಸ್ತಕದಲ್ಲಿ ತಾನೇ ಬರೆಯುವುದೆಂದಳು. ಆ ಕ್ಷಣದಲ್ಲಿ ಕಾಲೇಜಿಗೆ ಒಬ್ಬ ಖಜಾಂಚಿ ದೊರೆತಳು.

ಉತ್ಸವ ಚೆನ್ನಾಗಿಯೇ ನಡೆಯಿತು ಎಂದರೆ ಸುಳ್ಳಾದೀತು. ಹಗಲ ಸೆಕೆಯಲ್ಲಿ ರಾಜನ ಮೀಸೆ ಜಾರಿತು. ಮುಖ್ಯ ಅತಿಥಿಗಳು ಊಟದ ಹೊತ್ತಿಗೆ ಬಂದು ಊಟದ ನಂತರ ಹೊರಟುಹೋದರು. ಆದರೆ ಐದೂವರೆಯ ಬಸ್ಸಿನಲ್ಲಿ ಅಂದು ಇದ್ದ ಗಲಾಟೆಯನ್ನು ನಿರ್ವಾಹಕ ಹಿಂದೆಂದೂ ಕಂಡಿರಲಿಲ್ಲ. ಮರವಂತೆ ಬರುವವರೆಗೂ ಮಕ್ಕಳು ರಾಜನ ಮೀಸೆಯನ್ನು ಆಡಿಕೊಂಡು ನಕ್ಕರು. ತಾವು ನೋಡಿದ್ದನ್ನು ನೆನೆದು ನಗುವ ಅವಕಾಶ ಅವರಿಗೆ ಅದೇ ಮೊದಲು.

ಮೂರು ದಿನಗಳ ಮೇಲೆ ಖಜಾಂಚಿ ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತಳು. ಲೆಕ್ಕದಲ್ಲಿ ನಲವತ್ತು ರೂಪಾಯಿ ಕಡಮೆ ಬರುತ್ತಿತ್ತು. ಎರಡು ರಾತ್ರಿ ಕೂಡಿ ಕಳೆದು ನೋಡಿದ್ದಳು. ಮುಖ ಬಾಡಿತ್ತು. ಮೀನು ಮಾರುವವಳ ಮಗಳ ಕೈಗೆ ಹಣ ಕೊಟ್ಟದ್ದಕ್ಕೆ ಯಾರು ಏನೆಂದಾರೋ ಎಂಬ ಭಯ ಅವಳಿಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಉಪನ್ಯಾಸಕರು ಸಮಾಧಾನ ಹೇಳುತ್ತ, ಆ ಹಣವನ್ನು ತಾವೇ ತುಂಬಿಬಿಡುವುದಾಗಿ ಹೇಳಹೊರಟವರು ನಡುವೆ ನಿಂತರು. ಉತ್ಸವದ ದಿನ ಹೂವು ತರಿಸಲು ಡಬ್ಬಿಯಿಂದ ನಲವತ್ತು ರೂಪಾಯಿ ತೆಗೆದು ರಿಕ್ಷಾದವನಿಗೆ ಕೊಟ್ಟವರು ತಾವೇ ಎಂಬುದು ನೆನಪಾಯಿತು.

ಹುಡುಗಿ ಒಂದು ನಿಮಿಷ ಸುಮ್ಮನಿದ್ದಳು. ಅನಂತರ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೇಳಿದಳು:

“ಇದ್ರ ಚೀಟಿ ಎಲ್ಲಿತ್ತ್ ಸಾರ್?”

ಉಪನ್ಯಾಸಕರು ಚೀಟಿ ಬರೆದು ಸಹಿ ಹಾಕಿದರು. ಮರುದಿನ ಸಂಘದ ಆಯವ್ಯಯದ ಪಟ್ಟಿ ಸೂಚನಾ ಫಲಕದ ಮೇಲೆ ಕಾಣಿಸಿಕೊಂಡಿತು. ಅಂಥ ಪದ್ಧತಿ ಅಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ತಲೆ ತಗ್ಗಿಸಿ ನಿಂತಿದ್ದ ಹುಡುಗಿ ಚೀಟಿ ಕೇಳುವಷ್ಟು ತಲೆಯೆತ್ತಿದ್ದು, ವಾಚಕರು ಬಲ್ಲಂತೆ, ಯಾವ ಭಾಷಣದಿಂದಲೂ ಆಗುವ ಕೆಲಸವಲ್ಲ.

ಅಲ್ಲಿಂದ ಮುಂದೆ ಅವರ ರೀತಿಯೇ ಬದಲಾಯಿತು. ಕಾರ್ಯಕ್ರಮ ಯಾವುದೆಂದು ಮೊದಲು ಗೊತ್ತುಮಾಡಿ ಆಮೇಲೆ ಹುಡುಗರನ್ನು ಹುಡುಕುವ ಬದಲು, ಹುಡುಗರು ಯಾರೆಂದು ನೋಡಿ ಕೆಲಸ ಹಂಚತೊಡಗಿದರು. ಇದಕ್ಕೆ ಅವರು ಕೊಡುತ್ತಿದ್ದ ಹೋಲಿಕೆ ಯಕ್ಷಗಾನದ್ದು. ಬಡಗಿನ ಆಟದಲ್ಲಿ ಪ್ರಸಂಗ ಆರಂಭವಾಗುವ ಮುನ್ನ ಪೂರ್ವರಂಗವೆಂಬುದೊಂದಿದೆ. ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷಗಳು ಒಂದಾದ ಮೇಲೊಂದರಂತೆ ಬರುತ್ತವೆ. ಇವು ಹೊಸಬರು ಪಳಗುವ ವೇಷಗಳು. ಪ್ರೇಕ್ಷಕರು ಇನ್ನೂ ಬಂದು ಸೇರಿರುವುದಿಲ್ಲ; ತಾಳ ತಪ್ಪಿದರೆ ಲೋಕ ಮುಳುಗುವುದಿಲ್ಲ; ಆದರೆ ರಂಗಸ್ಥಳ ನಿಜವಾದದ್ದು, ಚೆಂಡೆ ಮದ್ದಳೆ ನಿಜವಾದವು. ನಾಳಿನ ಎರಡನೆಯ ವೇಷಧಾರಿ ಇಂದಿನ ಕೋಡಂಗಿಯಾಗಿ ಕುಣಿಯುತ್ತಾನೆ. ಇಡೀ ಆಟವನ್ನು ನಡೆಸುವ ಭಾಗವತರಾದರೋ ಹಿಂದೆ ಇರುತ್ತಾರೆ. ಕಾಲೇಜುಗಳು ಪೂರ್ವರಂಗವನ್ನು ತೆಗೆದುಹಾಕಿ ಎಲ್ಲರಿಂದಲೂ ಮೊದಲ ದಿನವೇ ಕರ್ಣಾರ್ಜುನರ ವೇಷ ಬಯಸುತ್ತವೆ ಎಂಬುದು ಅವರ ಆಕ್ಷೇಪ.

ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಕೇಂದ್ರದ ಶಿಕ್ಷಣ ಸಚಿವರಾಗಿದ್ದ ವಿ. ಕೆ. ಆರ್. ವಿ. ರಾವ್ ಅವರು ಈ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಆರಂಭಿಸಿದರು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಹಳ್ಳಿಯೊಂದರಲ್ಲಿ ಏಳು ದಿನಗಳ ವಿಶೇಷ ಶಿಬಿರ. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ. ಉಪನ್ಯಾಸಕರು ಹುಡುಗರನ್ನು ಕರೆದುಕೊಂಡು ಹಳ್ಳಿಯ ಶಾಲೆಯೊಂದರಲ್ಲಿ ಬಿಡಾರ ಹೂಡಿದರು. ಶಾಲೆಗೆ ಆವರಣದ ದಂಡೆ ಕಟ್ಟಬೇಕಾಗಿತ್ತು. ತರಗತಿಯಲ್ಲಿ ಮೊದಲಿಗನಾದ ಹುಡುಗನಿಗೆ ಹಾರೆ ಹಿಡಿಯುವುದು ತಿಳಿಯದೆ ಮೊದಲ ದಿನವೇ ಅಂಗೈ ಬೊಕ್ಕೆ ಬಂತು. ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾರನೆಂದು ಎಲ್ಲರೂ ಕೈಬಿಟ್ಟಿದ್ದ ಹಿಂದಿನ ಬೆಂಚಿನವನು, ಹಾರೆಯನ್ನು ಹೇಗೆ ಎತ್ತಿದರೆ ತೋಳಿಗೆ ಶ್ರಮವಿಲ್ಲವೆಂದು ಅವನಿಗೆ ತೋರಿಸಿಕೊಟ್ಟ. ಸಂಜೆ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಊಟ ಮಾಡಿದರು. ಶಿಬಿರ ಮುಗಿದ ಮೇಲೆ ಹಿಂದಿನ ಬೆಂಚಿನವನು ತರಗತಿಗೆ ಬರತೊಡಗಿದ. ಬುದ್ಧಿವಾದ ಅವನಿಗೆ ಬೇಕಾದಷ್ಟು ಸಿಕ್ಕಿತ್ತು. ತನ್ನನ್ನು ಕಾಯುವವರು ಒಬ್ಬರು ಅಲ್ಲಿದ್ದಾರೆಂಬುದು ಮಾತ್ರ ಹೊಸತು.

ಉಪನ್ಯಾಸಕರು ಅನುಭವದಿಂದ ಕಂಡುಕೊಂಡ ಈ ಸಂಗತಿಯನ್ನು ಅಮೆರಿಕದ ಶಿಕ್ಷಣತಜ್ಞ ಅಲೆಕ್ಸಾಂಡರ್ ಆಸ್ಟಿನ್ ಎಂಬವರು 1984ರಲ್ಲಿ ಒಂದು ಸಿದ್ಧಾಂತವಾಗಿಯೇ ಮಂಡಿಸಿದ್ದರು. ವಿದ್ಯಾರ್ಥಿ ಕಾಲೇಜಿನ ಜೀವನದಲ್ಲಿ ತನ್ನ ದೇಹದ ಮತ್ತು ಮನಸ್ಸಿನ ಶಕ್ತಿಯನ್ನು ಎಷ್ಟು ತೊಡಗಿಸುತ್ತಾನೋ ಅಷ್ಟೇ ಪ್ರಮಾಣದಲ್ಲಿ ಅವನ ಕಲಿಕೆ ಎಂಬುದು ಅದರ ಸಾರ. ಕಾಲೇಜಿನ ಆವರಣದಲ್ಲೇ ವಾಸಿಸುವವರು, ಆವರಣದಲ್ಲೇ ಅಲ್ಪಸ್ವಲ್ಪ ಕೆಲಸ ಮಾಡುವವರು ಓದನ್ನು ನಡುವೆ ಬಿಡುವ ಸಂಭವ ಕಡಮೆಯೆಂದು ಅವರು ಗುರುತಿಸಿದ್ದರು. ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವವರಿಗೆ ಆವರಣದ ವಾಸ ಕೊಡುವುದು ಉಪನ್ಯಾಸಕರ ಕೈಯಲ್ಲಿರಲಿಲ್ಲ. ಕೆಲಸ ಕೊಡುವುದು ಕೈಯಲ್ಲಿತ್ತು.

ಎಡವಿದ ಪ್ರಸಂಗಗಳನ್ನೂ ಅವರು ಮುಚ್ಚಿಡುವವರಲ್ಲ. ಒಮ್ಮೆ ಉದ್ಯೋಗ ಮಾರ್ಗದರ್ಶನವೆಂದು ದೂರದಿಂದ ವಿದ್ವಾಂಸರೊಬ್ಬರನ್ನು ಕರೆಸಿದರು. ಸಭೆಗೆ ಬಂದವರು ಹದಿನೇಳು ಮಂದಿ. ಗಾಬರಿಯಾಗಿ, ಹಾಜರಿ ಹಿಡಿಯಲಾಗುವುದೆಂದು ಸೂಚನೆ ಕಳುಹಿಸಿದರು. ಹತ್ತು ನಿಮಿಷದಲ್ಲಿ ಸಭಾಂಗಣ ತುಂಬಿತು. ಹಾಜರಿ ಹಿಡಿದೊಡನೆ ಹಿಂದಿನ ಬಾಗಿಲಿನಿಂದ ಬರಿದಾಯಿತು. ಆಮೇಲೆ ವಿಚಾರಿಸಿದಾಗ ಒಬ್ಬ ಹುಡುಗ ವಿನಯದಿಂದಲೇ ಹೇಳಿದ: ಬೇಕಾದದ್ದೇನೆಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ಮುಂದಿನ ಸಲ ಕೇಳಿದರು. ಬ್ಯಾಂಕಿನ ಅರ್ಜಿ ತುಂಬುವುದನ್ನೂ ಸಂದರ್ಶನದಲ್ಲಿ ಕುಳಿತುಕೊಳ್ಳುವುದನ್ನೂ ಕಲಿಸಿಕೊಡಿ ಎಂಬ ಬೇಡಿಕೆ ಬಂತು. ಅದೇ ಕಾಲೇಜಿನಲ್ಲಿ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಯುವಕನೊಬ್ಬ ಬಂದು ಕರಿಹಲಗೆಯ ಮೇಲೆ ಅರ್ಜಿ ಬರೆದು ತೋರಿಸಿದ. ಹಾರವಿರಲಿಲ್ಲ, ಭಾಷಣವಿರಲಿಲ್ಲ, ಕುರ್ಚಿ ಸಾಲದೆ ಹುಡುಗರು ಕಿಟಕಿಯ ಮೇಲೆ ಕುಳಿತರು.

ಕಾಲ ಸರಿದಂತೆ ಕೆಲಸದ ಸ್ವರೂಪವೂ ಬದಲಾಯಿತು. ಕಾಲೇಜುಗಳ ಗುಣಮಟ್ಟವನ್ನು ಅಳೆಯಲು ಬೆಂಗಳೂರಿನಲ್ಲಿ ಕೇಂದ್ರಕಚೇರಿಯುಳ್ಳ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು 1994ರಲ್ಲಿ ಸ್ಥಾಪನೆಯಾಯಿತು. ವಿದ್ಯಾರ್ಥಿಗಳಿಗೆ ಕಾಲೇಜು ನೀಡುವ ಬೆಂಬಲವೂ ಅದರ ಅಳತೆಗೋಲುಗಳಲ್ಲಿ ಒಂದು. ಇದರಿಂದ ಒಳ್ಳೆಯದೇ ಆಯಿತು. ಆವರೆಗೆ ಬಿಡುವಿನ ಹವ್ಯಾಸವೆಂದು ಎಣಿಸಿದ್ದ ಕೆಲಸಕ್ಕೆ ಲೆಕ್ಕದಲ್ಲಿ ಸ್ಥಾನ ಸಿಕ್ಕಿತು. ಜೊತೆಗೆ ಒಂದು ಮೋಹವೂ ಹತ್ತಿಕೊಂಡಿತು. ಗಿಡ ನೆಡುವುದಕ್ಕಿಂತ ಗಿಡ ನೆಡುವ ಭಾವಚಿತ್ರ ಮುಖ್ಯವಾಗತೊಡಗಿತು. ಒಂದೇ ಗಿಡವನ್ನು ಐದು ಜನ ಹಿಡಿದು ನಿಂತ ಚಿತ್ರಗಳು ಎಲ್ಲೆಡೆಯೂ ಹೇರಳ. ಉಪನ್ಯಾಸಕರು ವರದಿಗೆ ಬೇಕಾದ ಚಿತ್ರ ತೆಗೆಸುತ್ತಿದ್ದರು. ತೆಗೆಸಿದ ಮೇಲೆ, ಬೇಸಿಗೆಯಲ್ಲಿ ಆ ಗಿಡಕ್ಕೆ ನೀರೆರೆಯುವವರ ಹೆಸರನ್ನು ಬರೆಸಿಕೊಳ್ಳದೆ ಯಾರನ್ನೂ ಕದಲಗೊಡುತ್ತಿರಲಿಲ್ಲ.

ನಿವೃತ್ತಿಯ ವರ್ಷ ಅವರ ಕೊನೆಯ ವಾರ್ಷಿಕೋತ್ಸವ ನಡೆಯಿತು. ಆ ವೇಳೆಗೆ ಎಲ್ಲವನ್ನೂ ವಿದ್ಯಾರ್ಥಿಗಳೇ ನಡೆಸುತ್ತಿದ್ದರು. ವಂದನಾರ್ಪಣೆಗೆ ಎದ್ದ ಹುಡುಗ ಅತಿಥಿಗಳಿಂದ ಹಿಡಿದು ಶಾಮಿಯಾನದವರವರೆಗೆ, ಅಡಿಗೆಯವರಿಂದ ಹಿಡಿದು ವಿದ್ಯುಚ್ಛಕ್ತಿ ಕಡಿದುಹೋಗದಂತೆ ನೋಡಿಕೊಂಡವರವರೆಗೆ ಎಲ್ಲರನ್ನೂ ನೆನೆದ. ಉಪನ್ಯಾಸಕರ ಹೆಸರು ಬರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಮರೆತದ್ದು. ಅವರಿಗೆ ನೋವಾಗಲಿಲ್ಲ ಎನ್ನುವಂತಿಲ್ಲ. ಐದೂವರೆಯ ಬಸ್ಸಿನಲ್ಲಿ ಕುಳಿತು ಹೆಮ್ಮಾಡಿಯವರೆಗೂ ಅದನ್ನೇ ಚಿಂತಿಸಿದರು. ಮರವಂತೆಯಲ್ಲಿ ಕಡಲ ಗಾಳಿ ಮುಖಕ್ಕೆ ಬಡಿದಾಗ, ಅಂದಿನ ಉತ್ಸವದಲ್ಲಿ ತಾವು ಮಾಡಿದ ಕೆಲಸವಾದರೂ ಏನೆಂದು ಎಣಿಸಿ ನೋಡಿದರು. ಹುಡುಗರು ಕೇಳಿದಾಗ ಒಂದು ಸುತ್ತಿಗೆ ಹುಡುಕಿಕೊಟ್ಟದ್ದು ಮಾತ್ರ ನೆನಪಿಗೆ ಬಂತು. ಸುತ್ತಿಗೆಗೆ ವಂದನೆ ಸಲ್ಲಿಸುವ ಪದ್ಧತಿಯಿಲ್ಲವಲ್ಲ ಎಂದುಕೊಂಡು ನಕ್ಕರು.

ಉಪ್ಪುಂದದ ದುರ್ಗಾಪರಮೇಶ್ವರಿ ದೇವಸ್ಥಾನದ ರಥೋತ್ಸವವನ್ನು ಊರವರು ಕೊಡಿಹಬ್ಬವೆನ್ನುತ್ತಾರೆ. ಈಚೆಗೊಂದು ವರ್ಷ ಆ ಜನಜಂಗುಳಿಯ ನಡುವೆ ನಿಂತಿದ್ದಾಗ ಹಿಂದಿನಿಂದ ಯಾರೋ ‘ಸಾರ್’ ಎಂದರು. ತಿರುಗಿ ನೋಡಿದರೆ ಅಂದಿನ ಖಜಾಂಚಿ. ಕೂದಲಲ್ಲಿ ಅಲ್ಲಲ್ಲಿ ಬೆಳ್ಳಿ. ಪಕ್ಕದಲ್ಲಿ ಅವಳಷ್ಟೇ ಎತ್ತರದ ಮಗಳು. ಮಗಳನ್ನು ಆ ವರ್ಷ ಕಾಲೇಜಿಗೆ ಸೇರಿಸಿದ್ದಾಳಂತೆ. ಸೇರಿಸುವ ದಿನ ಪ್ರಾಂಶುಪಾಲರು, ಏನಾದರೂ ಕೇಳುವುದಿದೆಯೇ ಎಂದರಂತೆ. ಫಲಿತಾಂಶದ ವಿಷಯವನ್ನೋ ಶುಲ್ಕದ ವಿಷಯವನ್ನೋ ಕೇಳಿಯಾಳೆಂದು ಅವರು ಭಾವಿಸಿರಬೇಕು.

“ನೀ ಎಂತ ಕೇಂಡೆ?” ಎಂದರು ಉಪನ್ಯಾಸಕರು.

“ನಿಮ್ಮಲ್ಲಿ ಕಾರ್ಯಕ್ರಮ ಎಷ್ಟೊತ್ತಿಗೆ ಮುಗಿತ್ತ್ ಅಂದ್ ಕೇಂಡೆ ಸಾರ್.”

ಅಷ್ಟರಲ್ಲಿ ವಾದ್ಯದ ಸದ್ದೆದ್ದಿತು. ತೇರು ಕದಲುವ ಹೊತ್ತು. ತಾಯಿಮಗಳಿಬ್ಬರೂ ಹಗ್ಗಕ್ಕೆ ಕೈಹಾಕಲು ಮುಂದಕ್ಕೆ ನುಗ್ಗಿದರು. ಉಪನ್ಯಾಸಕರು ಜನರ ಹಿಂದೆ ನಿಂತು ನೋಡಿದರು.